ಮೇಟಿಯ ಸುತ್ತ ಓಡಿದ ದೋಣಿ

ಆ ಸಂಜೆ ನಮ್ಮ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಕಂಬಳಿಯ ಮೇಲೆ ಅಜ್ಜ ಕೂತಿದ್ದ. ಅವನ ಎದುರು ಅಪ್ಪ ಅಡಕೊತ್ತು ಹಿಡಿದಿದ್ದ. ನಡುಮನೆಯ ಹೊಸ್ತಿಲಲ್ಲಿ ಅವ್ವ ಮೊರದ ತುಂಬ ಕಡಲೆ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಕಟ್ಟೆಯ ತುದಿಯಲ್ಲಿ ದೊಡ್ಡಪ್ಪನ ಮಕ್ಕಳಿಬ್ಬರು. ಹಿರಿಯವನು ಬಾಗಿಲು ತುಂಬುವಂಥ ಆಳು, ಕಿರಿಯವನು ಬಾಯಿಯಲ್ಲಿ ಜೋರು. ಅವರ ಬಾಜು ನಾನು, ನನ್ನ ಪಕ್ಕ ನನ್ನ ವಾರಿಗೆಯ ಗೆಳೆಯ, ಕುರಿಯವರ ಮನೆಯವನು, ಹಿಂಡಿನ ಹಿಂದೆ ಓಡಿ ಓಡಿ ಮೊಣಕಾಲಿನ ಕೆಳಗೆ ಬರೀ ನರ ಉಳಿಸಿಕೊಂಡವನು. ಇಷ್ಟು ಮಂದಿಯ ನಡುವೆ, ಹುಬ್ಬಳ್ಳಿ ಬಸ್ಸಿನ ಧೂಳನ್ನು ಇನ್ನೂ ಹುಬ್ಬಿನ ಮೇಲಿಟ್ಟುಕೊಂಡು, ಕೈಚೀಲವನ್ನು ತೊಡೆಯ ಮೇಲಿಂದ ಇಳಿಸದೆ ಕೂತಿದ್ದವನು ನಮ್ಮ ಕಾಕಾ.

ಕಾಕಾ ಅಪ್ಪನ ತಮ್ಮ. ಹರೆಯದಲ್ಲಿ ಮನೆ ಬಿಟ್ಟು ಮುಂಬೈಗೆ ಹೋಗಿ, ನೌಕಾದಳದ ಹಡಗಿನಲ್ಲಿ ಅಡುಗೆಯವನಾಗಿ ಬಹಳ ವರ್ಷ ಇದ್ದು ಬಂದವನು. ಶಲವಡಿ ಸುತ್ತಿನ ಎರೆಭೂಮಿಯಲ್ಲಿ ಹುಟ್ಟಿದವನೊಬ್ಬ ಸಮುದ್ರದ ಮೇಲೆ ಚಪಾತಿ ಬೇಯಿಸಿದ್ದನೆಂದರೆ ಊರಲ್ಲಿ ನಂಬುವವರಿರಲಿಲ್ಲ. ಅವನು ಹಡಗಿನ ಮಾತು ತೆಗೆದನೆಂದರೆ ಕಟ್ಟೆಯ ಮಂದಿ ಒಬ್ಬೊಬ್ಬರೇ ಎದ್ದು ಎಲೆಯಡಿಕೆ ಉಗುಳಲು ಹೋಗುತ್ತಿದ್ದರು.

ಅವನು ಬಂದದ್ದು ನಮ್ಮ ಅಕ್ಕನ ಮನೆಯಿಂದ. ದೀಪಾವಳಿ ಮುಗಿದ ಮೇಲೆ ಅವಳ ಮದುವೆಯಾಗಿತ್ತು. ಕೊಟ್ಟದ್ದು ಮಿಶ್ರಿಕೋಟಿ ಕಡೆಯ ಊರಿಗೆ. ಭತ್ತದ ಗದ್ದೆ, ತುಂಬಿದ ಕೆರೆ, ಹಿತ್ತಲಲ್ಲೇ ಬಾವಿ. ನಮ್ಮಲ್ಲಿ ಕುಡಿಯುವ ನೀರಿನ ಕೆರೆ ಒಂದೇ, ಅದಕ್ಕೆ ಕಾಲು ಇಟ್ಟವನನ್ನು ಊರೇ ಸೇರಿ ಬೈಯುತ್ತಿತ್ತು.

“ಹೆಂಗದಾಳ ನನ್ನ ಮಗಳು?” ಅವ್ವ ಮೊರದಿಂದ ತಲೆ ಎತ್ತದೆ ಕೇಳಿದಳು.

“ಆರಾಮ ಅದಾಳ ವೈನಿ. ಅಗದಿ ಆರಾಮ.” ಕಾಕಾ ಚೀಲದ ಹಿಡಿಕೆಯನ್ನು ಎರಡು ಸಲ ತಿರುವಿದ. “ಒಂದ ಮಾತ ಆಗೇತಿ.”

ಅಡಕೊತ್ತು ನಿಂತಿತು.

ಮಾತು ಇಷ್ಟು. ಆ ಊರಲ್ಲಿ ಪ್ರತಿ ವರ್ಷ ಹೋಳಿಯ ಬಣ್ಣ ಆಡಿದ ಮೇಲೆ ಹರೆಯದವರು ಕೆರೆಗೆ ಇಳಿದು ದೋಣಿ ಪಂದ್ಯ ಆಡುತ್ತಾರೆ. ಮೀನು ಹಿಡಿಯುವವರ ಎರಡು ಅಗಲ ದೋಣಿ, ಒಂದೊಂದರಲ್ಲಿ ಹುಟ್ಟು ಹಾಕುವವರು ನಾಲ್ವರು, ಹಿಂದೆ ಕೂತು ಕೂಗುವವನೊಬ್ಬ. ನಮ್ಮ ಭಾವ, ಅಂದರೆ ಅಕ್ಕನ ಗಂಡ, ಅಲ್ಲಿ ಯಾವ ವರ್ಷವೂ ಸೋತವನಲ್ಲ. ಕಾಕಾ ಊಟಕ್ಕೆ ಕೂತಾಗ ತನ್ನ ಹಡಗಿನ ಮಾತು ತೆಗೆದಿದ್ದಾನೆ, ನಾವಿಕರು ದೋಣಿ ಎಳೆಯುವುದನ್ನು ವರ್ಣಿಸಿದ್ದಾನೆ. ಅಕ್ಕನ ಅತ್ತೆ ಅನ್ನ ಬಡಿಸುತ್ತ, “ಎರಿಸೀಮಿಯವರು ತಂಬಗಿ ನೀರಾಗ ಜಳಕಾ ಮಾಡೂ ಮಂದಿ, ದೋಣಿ ಮಾತ ನಿಮಗ್ಯಾಕ್ರಿ ಬೀಗರ?” ಅಂದು ನಕ್ಕಿದ್ದಾಳೆ. ಕೂತವರೆಲ್ಲ ನಕ್ಕಿದ್ದಾರೆ. ಕಾಕಾನ ತುತ್ತು ಕೈಯಲ್ಲೇ ಉಳಿದಿದೆ. ಆಗ ಒಳಗಿನಿಂದ ನಮ್ಮ ಅಕ್ಕ ಬಂದು ನಿಂತು, ಹೊಸ ಸೊಸೆ ಅನ್ನುವುದನ್ನೂ ಮರೆತು, “ನಮ್ಮ ತಮ್ಮಂದಿರು ಬಂದು ನಿಮ್ಮ ಕೆರಿಯಾಗ ನಿಮ್ಮನ್ನ ಸೋಲಸ್ತಾರ. ಸೋಲಸಲಿಲ್ಲಂದ್ರ ಈ ವರ್ಷ ನಾ ಪಂಚಮಿಗೆ ತವರಿಗೆ ಹೋಗೂದಿಲ್ಲ” ಎಂದುಬಿಟ್ಟಿದ್ದಾಳೆ.

ನಮ್ಮ ಕಡೆ ಹೆಣ್ಣು ಹೆತ್ತ ಮನೆಗೆ ನಾಗರಪಂಚಮಿ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಅದರಲ್ಲೂ ಮದುವೆಯಾದ ಮೊದಲ ಪಂಚಮಿ. ಉಂಡಿ ಕಟ್ಟುವುದು, ಜೋಕಾಲಿ ಹಾಕುವುದು, ಅಣ್ಣನೋ ತಮ್ಮನೋ ಹೋಗಿ ಕರೆದುಕೊಂಡು ಬರುವುದು. ಅವ್ವ ಮಗಳನ್ನು ಗಂಡನ ಮನೆಗೆ ಕಳಿಸಿದ ದಿನವೇ ಪಂಚಮಿಗೆ ಎಷ್ಟು ತಿಂಗಳು ಎಂದು ಬೆರಳು ಮಡಚಿದವಳು.

ಅವಳು ಮೊರ ಕೆಳಗಿಟ್ಟಳು. “ನನ್ನ ಮಗಳ ಪಂಚಮಿ ನೀರಾಗ ಹಾಕಿ ಬಂದೀಯಲ್ಲೋ ಮೈದುನಾ!”

“ನಾ ಎಲ್ಲಿ ಹಾಕಿದ್ನಿ ವೈನಿ? ಆಕೀನ ಅಂದಳು.”

“ನಿನ್ನ ಸಲುವಾಗಿ ಅಂದಾಳ!”

ಅವ್ವ ಒಳಗೆ ಹೋದಳು. ಆಮೇಲೆ ಬಹಳ ದಿನ ಅವನಿಗೆ ರೊಟ್ಟಿ ಬಡಿಸಿದಳೇ ಹೊರತು ಮಾತಾಡಲಿಲ್ಲ.

ಅಜ್ಜ ನಮ್ಮ ನಾಲ್ವರನ್ನೂ ಒಮ್ಮೆ ನೋಡಿದ. “ಹೋಳಿಗಿನ್ನ ತಿಂಗಳೊಪ್ಪತ್ತು ಐತಿ. ಇವರೊಳಗ ದೋಣಿ ಕಂಡಾಂವ ಯಾರು?”

ಯಾರೂ ಕಂಡಿರಲಿಲ್ಲ. ಕುರಿಯವರ ಗೆಳೆಯ ಮಾತ್ರ ಒಮ್ಮೆ ಬೆಣ್ಣಿಹಳ್ಳ ತುಂಬಿ ಬಂದಾಗ ಬಾಗಿಲ ಹಲಗೆಯ ಮೇಲೆ ಮರಿ ಕೂರಿಸಿ ದಾಟಿಸಿದ್ದ.

“ದೋಣಿ ಬ್ಯಾಡ,” ಅಂದ ಕಾಕಾ. ಅವನ ದನಿ ಆಗ ಬೇರೆಯೇ ಆಗಿತ್ತು. “ನಾವಿದ್ದ ಹಡಗ ಬಂದರಕ್ಕ ಬಂತಂದ್ರ ದೋಣಿ ಪಂದ್ಯಾ ಇರತಿತ್ತು. ಎಳಿಯೂ ಹುಡುಗರಿಗೆ ನಾನ ಮುಂಜಾನಿ ಚಾ ಮಾಡಿ ಕೊಡತಿದ್ನಿ. ಅವರು ನೀರಿಗಿಳಿಯೂಕಿಂತ ಮೊದಲ ಏನ ಮಾಡತಿದ್ರು ಗೊತ್ತೈತೇನು? ಓಡತಿದ್ರು. ಹಡಗ ನಿಲ್ಲೂ ಧಕ್ಕೆಯ ಮ್ಯಾಲ ಆ ತುದಿಯಿಂದ ಈ ತುದಿಗೆ. ಸಮುದ್ರ ಕೆಟ್ಟಿತ್ತಂದ್ರ ವಾರಗಟ್ಲೆ ಬರೇ ಓಟನ. ದೋಣಿ ರಟ್ಟಿಯಿಂದ ಹೋಗೂದಿಲ್ಲೋ. ಕಾಲಿಂದ ಹೋಗತೈತಿ, ಉಸರಿಂದ ಹೋಗತೈತಿ. ಕಾಲ ಒದ್ದಾಗ ಬೆನ್ನ ಎಳೀತೈತಿ, ಬೆನ್ನ ಎಳದಾಗ ಕೈ ಬರತೈತಿ.”

“ಹಂಗಾರ ನೀರ ಯಾಕ ಬೇಕು?” ಅಂದ ದೊಡ್ಡಪ್ಪನ ಕಿರಿಯ ಮಗ. “ಓಡಕೋತ ಮಿಶ್ರಿಕೋಟಿಗೆ ಹೋಗಿ ಗೆದ್ದೆವಂತ ಹೇಳಿ ಬರೂಣು.”

ಎಲ್ಲರೂ ನಕ್ಕರು, ಕಾಕಾ ನಗಲಿಲ್ಲ. ಆ ರಾತ್ರಿ ಮಲಗುವ ಮೊದಲು ನಾವು ನಾಲ್ವರೂ ಒಪ್ಪಿಕೊಂಡಿದ್ದೆವು. ಬೇರೆ ದಾರಿಯಾದರೂ ಏನಿತ್ತು?

ಮೊದಲ ವಾರ ನಾವು ಓಡಿದ್ದನ್ನು ಓಟವೆನ್ನಲು ಬಾರದು. ಬೆಳಗ್ಗೆ ಹೊಲಕ್ಕೆ ಇಳಿದರೆ ಜೋಳ ಕೊಯ್ದ ಕೂಳೆ ಪಾದಕ್ಕೆ ಮೊಳೆಯಂತೆ ಚುಚ್ಚುತ್ತಿತ್ತು. ಕೂಳೆ ತಪ್ಪಿಸಿದರೆ ಎರೆನೆಲದ ಬಿರುಕು. ಮಾಘದ ಬಿಸಿಲಿಗೆ ನಮ್ಮ ನೆಲ ಬಿಡುವ ಬಿರುಕಿನಲ್ಲಿ ಕುರಿಮರಿಯ ಕಾಲು ಸಲೀಸಾಗಿ ಇಳಿಯುತ್ತದೆ. ನಮ್ಮ ಕುರಿಯವನ ಕಾಲೂ ಇಳಿಯಿತು. ಹಿಮ್ಮಡಿ ಬಾತು ಎರಡು ದಿನ ಕೂತ. ಬಂಡಿಯ ದಾರಿಗೆ ಹೋದರೆ ಗಾಲಿ ಕೊರೆದ ಜಾಡಿನ ನಡುವೆ ಕಾಲಿಡಲು ಜಾಗ ಹುಡುಕಬೇಕು. ದೊಡ್ಡಪ್ಪನ ಹಿರಿಯ ಮಗನ ಭಾರಕ್ಕೆ ಅವನ ಮೊಣಕಾಲಿನ ಕೆಳಗಿನ ಎಲುಬು ನೋಯಲು ಶುರುವಾಯಿತು. ಅವನು ಹೆಜ್ಜೆಗೊಮ್ಮೆ ಕಾಕಾನನ್ನು ಬೈಯುತ್ತಿದ್ದ.

“ಜೋರ ಓಡಬ್ಯಾಡ್ರೋ,” ಎಂದು ಕಾಕಾ ಬದುವಿನ ಮೇಲೆ ನಿಂತು ಕೂಗುತ್ತಿದ್ದ. “ನಿಮ್ಮ ಹಿಂದ ನಾಯಿ ಹತ್ತಿಲ್ಲ. ಮಾತಾಡಕೋತ ಓಡ್ರಿ. ಮಾತ ನಿಂತಿತಂದ್ರ ಜೋರ ಆತಂತ ತಿಳೀರಿ. ಉಸರ ಬೆಳೀಬೇಕಂದ್ರ ಮೆತ್ತಗ ಬೆಳೀಬೇಕು.”

ಮಾತಾಡುವುದು ನಮಗೆ ಕಲಿಸಬೇಕಾದ ವಿದ್ಯೆಯಾಗಿರಲಿಲ್ಲ. ಯಾರ ಮನೆಯ ಎಮ್ಮೆ ಕರು ಹಾಕಿತು, ಸಂತೆಯಲ್ಲಿ ಯಾರು ಯಾರನ್ನು ಬೈದರು, ಎಲ್ಲ ಓಡುತ್ತಲೇ ಬಗೆಹರಿಯುತ್ತಿತ್ತು. ಆದರೆ ನೆಲದ ತಕರಾರು ತೀರಲಿಲ್ಲ. ಬಂದರದ ಧಕ್ಕೆಯಂಥ ಸಪಾಟು ಜಾಗ ನಮ್ಮ ಸೀಮೆಯಲ್ಲಿ ಎಲ್ಲಿದೆ ಎಂದು ಯೋಚಿಸುತ್ತ ಒಂದು ಸಂಜೆ ಬರುವಾಗ ನಮ್ಮದೇ ಕಣ ಎದುರಿಗೆ ಬಂತು.

ರಾಶಿ ಮಾಡುವ ಕಣವನ್ನು ನಮ್ಮವರು ವರ್ಷವೂ ಹೊಸದಾಗಿ ಮಾಡುತ್ತಾರೆ. ನೆಲ ಕೆತ್ತಿ, ನೀರು ಹೊಡೆದು, ತುಳಿದು, ಸಗಣಿ ಸಾರಿಸಿ, ಒಣಗಿದ ಮೇಲೆ ಅಂಗೈಯಂತೆ ಆಗಿರುತ್ತದೆ. ನಡುವೆ ಮೇಟಿ ಎನ್ನುವ ಕಂಬ. ಅದಕ್ಕೆ ಕಟ್ಟಿದ ಒಂದೇ ಹಗ್ಗದಲ್ಲಿ ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆಯ ಮೇಲೆ ಸುತ್ತಿಸುತ್ತಾರೆ. ಅದಕ್ಕೆ ಹಂತಿ ಕಟ್ಟುವುದು ಅನ್ನುತ್ತೇವೆ. ಮೇಟಿಯ ಬಳಿಯ ಎತ್ತು ನಿಂತಲ್ಲೇ ತಿರುಗಿದಂತೆ ಹೆಜ್ಜೆ ಹಾಕಿದರೆ, ಹೊರತುದಿಯ ಎತ್ತು ಬೀಸು ನಡಿಗೆಯಲ್ಲಿ ಸುತ್ತಬೇಕು.

ಕಣದಲ್ಲಿ ಓಡುತ್ತೇವೆ ಅಂದಾಗ ಅಜ್ಜ ಮೊದಲು ಕಣ್ಣು ಕೆಂಪು ಮಾಡಿದ. “ಅದು ಲಕ್ಷ್ಮಿ ಇಳಿಯೂ ಜಾಗಾ. ಕುಣಿದಾಡಾಕ ಮಾಡಿಲ್ಲ.” ಆಮೇಲೆ ಏನನ್ನಿಸಿತೋ, “ಬರಿಗಾಲಲೆ ಓಡ್ರಿ. ಕೈ ಮುಗದು ಒಳಗ ಹೋಗ್ರಿ. ತೆನಿ ಹಾಕಿದಾಗ ಅತ್ತ ಸುಳೀಬ್ಯಾಡ್ರಿ” ಎಂದ.

ಹೀಗೆ ಬೆಳಗ್ಗೆ ಎತ್ತು ಬರುವ ಮುಂಚೆ, ಸಂಜೆ ಕಣ ಗುಡಿಸಿದ ಮೇಲೆ, ನಮ್ಮ ಓಟ ಶುರುವಾಯಿತು. ಪಾದಕ್ಕೆ ಸುಖ, ಎಲುಬಿಗೂ ಸುಖ. ಆದರೆ ಅಲ್ಲೊಂದು ಹೊಸ ಸಮಸ್ಯೆ. ಕುರಿಯವನು ಎರಡು ಸುತ್ತು ಹಾಕುವಷ್ಟರಲ್ಲಿ ನಾನು ಒಂದು ಮುಗಿಸಿರುತ್ತಿರಲಿಲ್ಲ. ಕಾಕಾ ತಲೆ ಕೆರೆದುಕೊಂಡ. “ದೋಣ್ಯಾಗ ನಾಲ್ಕೂ ಹುಟ್ಟ ಕೂಡಿ ಬೀಳಬೇಕು, ಕೂಡಿ ಏಳಬೇಕು. ನೀವು ಒಬ್ಬೊಬ್ಬ ಒಂದೊಂದ ಊರಿಗೆ ಹೊಂಟೀರಿ.”

ಅಜ್ಜ ಕಣದ ಅಂಚಿನಲ್ಲಿ ಕೂತಿದ್ದ. “ಹಗ್ಗ ಹಾಕಲೇ,” ಅಂದ. ಅಷ್ಟೇ.

ಹಂತಿಯ ಹಗ್ಗವೇ ಬಂತು. ಮೇಟಿಗೆ ಒಂದು ತುದಿ. ಆಮೇಲೆ ದೊಡ್ಡಪ್ಪನ ಕಿರಿಯ ಮಗ, ಅವನ ಪಕ್ಕ ನಾನು, ನನ್ನಾಚೆ ಹಿರಿಯವನು, ಎಲ್ಲರಿಗಿಂತ ಹೊರಗೆ, ಓಡುವ ಕಾಲಿನ ಕುರಿಯವನು. ಸೊಂಟಕ್ಕೆ ಸುತ್ತಿದ ಹಗ್ಗ ಸಡಿಲಾದರೂ ಬೈಗುಳ, ಬಿಗಿಯಾದರೂ ಬೈಗುಳ. ಕಾಕಾ ಮೇಟಿಯ ಬುಡದಲ್ಲಿ ನಿಂತು ಹಂತಿ ಹೊಡೆಯುವವರ ಧಾಟಿಯಲ್ಲೇ ರಾಗ ಎಳೆದ: “ಹೊರಗಿನಾಂವ ಬಾ... ಒಳಗಿನಾಂವ ತಡೀ...” ಅವನ ಆ ದನಿಗೆ ನಮ್ಮ ಎತ್ತುಗಳೂ ಕೊಟ್ಟಿಗೆಯಿಂದ ಕಿವಿ ನಿಮಿರಿಸುತ್ತಿದ್ದವು.

ಊರಿಗೆ ಇದಕ್ಕಿಂತ ಒಳ್ಳೆಯ ತಮಾಷೆ ಬೇರೆ ಬೇಕೆ? ಬಯಲಕಡೆಗೆ ಹೋಗುವವರು ತಂಬಿಗೆ ಹಿಡಿದುಕೊಂಡೇ ನಿಲ್ಲುತ್ತಿದ್ದರು.

“ಯಾಕ್ರಿ ಗೌಡ್ರ, ಎತ್ತ ಮಾರೀರೇನು?” ಎಂದು ಒಬ್ಬ ಅಪ್ಪನನ್ನು ಕೇಳಿದ.

“ಇಲ್ಲೋ,” ಅಂದ ಅಪ್ಪ, “ಇವುಕ್ಕ ಮೇವ ಜಾಸ್ತಿ ಆಗೇತಿ, ಇಳಸಾಕ ಹತ್ತೇವಿ.”

ಇನ್ನೊಬ್ಬಳು ಮುದುಕಿ, “ಹೊರಗಿನ ಎತ್ತ ಚಲೋ ಐತಿ ನೋಡ, ಹಲ್ಲ ಎಷ್ಟರೀ?” ಅಂದಳು. ಕುರಿಯವನು ಓಡುತ್ತಲೇ ಬಾಯಿ ತೆರೆದು ಹಲ್ಲು ತೋರಿಸಿದ.

ನಗುವವರು ನಕ್ಕರು, ನಮ್ಮ ಮೈ ಮಾತ್ರ ನಮಗೇ ಹೊಸದಾಗುತ್ತಿತ್ತು. ಮೊದಲು ನಾಲ್ಕು ಸುತ್ತಿಗೆ ತೇಕುತ್ತಿದ್ದ ಹಿರಿಯವನು ಈಗ ಕತ್ತಲಾಗುವವರೆಗೂ ಹರಟೆ ಹೊಡೆಯುತ್ತ ಓಡುತ್ತಿದ್ದ. ರೊಟ್ಟಿ ಸಾಲದೆ ಬರುತ್ತಿತ್ತು. ಒಂದು ಬೆಳಗ್ಗೆ ಕಣದ ಅಂಚಿನ ಕಲ್ಲಿನ ಮೇಲೆ ಬಟ್ಟೆ ಮುಚ್ಚಿದ ಬುಟ್ಟಿ ಇತ್ತು. ತೆರೆದರೆ ಶೇಂಗಾ ಉಂಡಿ. ಅವ್ವ ಇಟ್ಟು ಹೋಗಿದ್ದಳು. ಕಾಕಾನ ಪಾಲು ಬೇರೆ ಎಲೆಯಲ್ಲಿ ಸುತ್ತಿತ್ತು, ನಮ್ಮದಕ್ಕಿಂತ ಒಂದು ಜಾಸ್ತಿಯೇ ಇತ್ತು. ಕಾಕಾ ಅದನ್ನು ತಿನ್ನುವ ಮೊದಲು ಬಹಳ ಹೊತ್ತು ನೋಡಿದ.

ಹೋಳಿಗೆ ಇನ್ನೂ ಎರಡು ವಾರವಿದ್ದಾಗ, ಒಂದು ಭಾನುವಾರ, ದೋಣಿ ಮುಟ್ಟಿ ನೋಡಲು ಅಕ್ಕನ ಊರಿಗೆ ಹೋದೆವು. ಭಾವ ದೊಡ್ಡ ಮನಸ್ಸಿನವನು. “ಬರ್ರಿ ಬರ್ರಿ, ಎರಿಸೀಮಿಯ ನಾವಿಕರು ಬಂದ್ರು!” ಎಂದು ತಾನೇ ದೋಣಿ ಬಿಚ್ಚಿಕೊಟ್ಟ. ಹುಟ್ಟು ಹಿಡಿಯುವುದು, ನೀರಿಗೆ ಇಳಿಸುವುದು, ಮೇಲೆತ್ತಿ ಮಲಗಿಸುವುದು, ಎಲ್ಲವನ್ನೂ ಬಿಡಿಸಿ ತೋರಿಸಿದ. ಎರಡು ಅಡ್ಡಹಲಗೆ, ಒಂದೊಂದರ ಮೇಲೆ ಇಬ್ಬಿಬ್ಬರು. ಬಲದವನಿಗೆ ಬಲಗಡೆಯ ಹುಟ್ಟು, ಎಡದವನಿಗೆ ಎಡಗಡೆಯದು. ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರಬೇಕೆಂದಾಗ ಕಿರಿಯವನು, “ಮುಖಾ ಹಿಂದ ಮಾಡಿ ಹೋಗೂ ಗಾಡಿ ಇದೊಂದ ನೋಡ್ದೆ” ಅಂದ.

ನಾವು ಕಣದಲ್ಲಿ ಯಾರ ಬಾಜು ಯಾರು ಓಡಿ ರೂಢಿಯಾಗಿತ್ತೋ ಹಾಗೆಯೇ ಕೂತೆವು. ಒಳಗಿನವರಿಬ್ಬರು, ಕಿರಿಯವನು ಮತ್ತು ನಾನು, ಎಡಗಡೆಯ ಹುಟ್ಟಿಗೆ. ಹೊರಗಿನವರಿಬ್ಬರು, ಹಿರಿಯವನು ಮತ್ತು ಕುರಿಯವನು, ಬಲಗಡೆಯದಕ್ಕೆ. ಕಾಕಾ ಹಿಂದೆ ಕೂತು ರಾಗ ಎತ್ತಿದ. ಕಾಲು ಒದ್ದೆವು. ಕಾಕಾ ಹೇಳಿದ್ದು ಸುಳ್ಳಾಗಿರಲಿಲ್ಲ, ದೋಣಿ ಜಿಗಿಯಿತು. ಜಿಗಿದು ಎಡಕ್ಕೆ ಹೊರಳಿತು. ಮತ್ತೆ ಒದ್ದೆವು, ಮತ್ತೆ ಎಡಕ್ಕೆ. ಹೆಚ್ಚು ಒದ್ದಷ್ಟೂ ಹೆಚ್ಚು ಹೊರಳಿತು. ದಡ ಕಾಣುವುದು, ಏರಿ ಕಾಣುವುದು, ಗುಡಿ ಕಾಣುವುದು, ಮತ್ತೆ ದಡ ಕಾಣುವುದು.

ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ಬಿಟ್ಟು ನೋಡುತ್ತಿದ್ದರು. “ಎಣ್ಣಿ ಎಷ್ಟ ಬಂತ್ರೀ?” ಎಂದು ಒಬ್ಬಳು ಕೂಗಿದಳು, ಗಾಣದ ಎತ್ತಿಗೆ ಕೇಳುವಂತೆ. ಅಕ್ಕನ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಅವಳ ಹಿಂದೆ ನಿಂತಿದ್ದ ಅಕ್ಕ ಕೊಡ ಎತ್ತಿಕೊಂಡು, ನಮ್ಮತ್ತ ನೋಡದೆ ಮನೆಗೆ ಹೋದಳು.

ಹೊರಡುವಾಗ ಬಾಗಿಲಲ್ಲಿ ಬುತ್ತಿ ಕೊಟ್ಟಳು. “ಅಕ್ಕಾ, ಬೇಕಂದ್ರ ನಿಮ್ಮ ಅತ್ತಿಯವರಿಗೆ ನಾ ಹೇಳ್ತೇನಿ, ಸಿಟ್ಟಿನ್ಯಾಗ ಅಂದಾಳಂತ...” ಅಂದೆ.

“ನೀ ಏನೂ ಹೇಳಬ್ಯಾಡ. ಅಂದಿದ್ದು ಅಂದೀನಿ.” ಅವಳ ಕಣ್ಣು ತುಂಬಿತ್ತು, ದನಿ ಗಟ್ಟಿಯಿತ್ತು. “ಅವ್ವಗ ಇದನ್ನ ಹೇಳೀರಿ ಮತ್ತ, ನೋಡ್ರಿ!”

ಮನೆಗೆ ಬಂದ ಮೇಲೆ ಮಾತಿಗಿಂತ ಮೊದಲು ಜಗಳ ಬಂತು. ಎಡಗಡೆಯವರು ಎಳೆಯಲಿಲ್ಲ ಎಂದು ಹಿರಿಯವನು, ಬಲಗಡೆಯವರು ಕೋಣದಂತೆ ಎಳೆದರು ಎಂದು ಕಿರಿಯವನು. ಕಾಕಾ ತಲೆ ತಗ್ಗಿಸಿ ಕೂತಿದ್ದ.

“ಎಲ್ಲೆಲ್ಲಿ ಕೂತಿದ್ರಿ?” ಅಜ್ಜ ಕೇಳಿದ.

ನಾನು ಅವ್ವನ ಮೊರದಿಂದ ನಾಲ್ಕು ಕಡಲೆ ತೆಗೆದು ನೆಲದ ಮೇಲಿಟ್ಟೆ. ಇವ ಇಲ್ಲಿ, ನಾ ಇಲ್ಲಿ, ಅವರಿಬ್ಬರು ಆ ಕಡೆ.

ಅಜ್ಜ ನೋಡಿದ. ಭುಜ ಮೊದಲು ಕುಲುಕಿತು, ಆಮೇಲೆ ನಗು ಬಂತು, ಆಮೇಲೆ ಕೆಮ್ಮು. “ಬಲಕ್ಕ ಹೊರಗಿನ ಎತ್ತು, ಎಡಕ್ಕ ಮೇಟಿ ಎತ್ತು! ದಿನಗಟ್ಲೆ ಅವು ಬೀಸಿ ಓಡ್ಯಾವ, ಇವು ನಿಂತಲ್ಲೇ ತುಳದಾವ. ಅಂಥಾ ಜೋಡಿ ಕಟ್ಟಿದ್ರ ಬಂಡಿ ಎತ್ತ ಹೋಗತೈತ್ರೋ?”

ಕಾಕಾ ಹಣೆ ಬಡಿದುಕೊಂಡ. “ಹಡಗಿನ್ಯಾಗ ಇದನ್ನ ಯಾರೂ ಹೇಳಲಿಲ್ಲಲ್ಲೋ ಅಪ್ಪಾ!”

“ಹಡಗಿನ್ಯಾಗ ಕಣ ಎಲ್ಲಿತ್ತು?” ಅಂದ ಅಜ್ಜ.

ಒಳಗಿನಿಂದ ಅವ್ವ ನಕ್ಕದ್ದು ಕೇಳಿಸಿತು. ಅಷ್ಟು ದಿನದ ಮೇಲೆ ಕೇಳಿದ ಅವಳ ನಗು ಅದು.

ಮಾರನೆಯ ದಿನದಿಂದ ಕಣದ ಕಾಯಿದೆ ಬದಲಾಯಿತು. ಇಂದು ಹೊರಗೆ ಓಡಿದವನು ನಾಳೆ ಮೇಟಿಯ ಬಳಿ, ಮೇಟಿಯ ಬಳಿಯವನು ಹೊರಗೆ. ಬೆಳಗ್ಗೆ ಬಲಸುತ್ತು, ಸಂಜೆ ಎಡಸುತ್ತು. ಎತ್ತುಗಳೂ ಮಾಡದ ಈ ಕೆಲಸಕ್ಕೆ ಮೊದಲ ದಿನ ತಲೆ ತಿರುಗಿತು, ಆಮೇಲೆ ರೂಢಿಯಾಯಿತು. ಮೊದಲ ಬಾರಿ ಹೊರತುದಿಗೆ ನಿಂತು ಓಡಿದಾಗ, ಕುರಿಯವನು ಇಷ್ಟು ದಿನ ಏನು ಓಡುತ್ತಿದ್ದನೆಂದು ನನ್ನ ಎದೆಗೆ ಗೊತ್ತಾಯಿತು. ಸಂಜೆಯ ಓಟ ಮುಗಿದ ಮೇಲೆ ಕಾಕಾ ನಮ್ಮನ್ನು ಬಂಡಿಯ ಮೇಲೆ ಜೋಡಿಯಾಗಿ ಕೂರಿಸಿ, ಎದುರಿನ ಹಲಗೆಗೆ ಕಾಲು ಕೊಟ್ಟು, ಕೋಲು ಹಿಡಿಸಿ, ಗಾಳಿಯಲ್ಲೇ ಹುಟ್ಟು ಹಾಕಿಸುತ್ತಿದ್ದ. ಈಗ ಜೋಡಿ ಬೇರೆ: ಬಲಕ್ಕೆ ಕುರಿಯವನು ಮತ್ತು ನಾನು, ಎಡಕ್ಕೆ ಅಣ್ಣತಮ್ಮಂದಿರಿಬ್ಬರು.

ಹೋಳಿಯ ಬಣ್ಣದ ದಿನ ಬಂತು. ಅವ್ವ ತಾನೂ ಬರುತ್ತೇನೆಂದು ಇಳಕಲ್ ಸೀರೆ ಉಟ್ಟು ಬಸ್ಸು ಹತ್ತಿದಳು. ಬೀಗರ ಊರಿಗೆ ಹೋಗುತ್ತ, “ಸೋತ್ರೂ ನನ್ನ ಮುಂದ ಯಾರೂ ಮುಖಾ ಸಣ್ಣ ಮಾಡಬಾರದು” ಎಂದು ನಮಗೆ ಹೇಳಿ ತಾನೇ ಮುಖ ಸಣ್ಣ ಮಾಡಿಕೊಂಡು ಕೂತಿದ್ದಳು.

ಕೆರೆಯ ಏರಿಯ ತುಂಬ ಮಂದಿ. ತಮಟೆಯಂಥ ಹಲಗೆಯ ಬಡಿತಕ್ಕೆ ನೀರೇ ನಡುಗುವಂತಿತ್ತು. ಎಲ್ಲರ ಮುಖವೂ ಕೆಂಪು ನೀಲಿಯಾಗಿ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ತೂಬಿನಿಂದ ಹೊರಟು, ಕೆರೆಯ ನಡುವೆ ನೀರಿನ ಮಟ್ಟ ತಿಳಿಯಲು ಹಿಂದಿನವರು ನಿಲ್ಲಿಸಿದ ಕಲ್ಲಿನ ಕಂಬವನ್ನು ಸುತ್ತಿ, ಮತ್ತೆ ತೂಬಿಗೆ ಬರಬೇಕು. ಮೊದಲು ಬಂದವರು ಗೆದ್ದರು, ಬೇರೆ ಕಾಯಿದೆ ಇಲ್ಲ.

“ಗಾಣದವರು ಬಂದ್ರು, ದಾರಿ ಬಿಡ್ರಿ!” ಎಂದು ಏರಿಯ ಮೇಲಿಂದ ಯಾರೋ ಕೂಗಿದರು. ಅಕ್ಕ ಅತ್ತೆಯ ಪಕ್ಕ ನಿಂತಿದ್ದಳು. ಮೈಮೇಲೆ ಒಂದು ಹನಿ ಬಣ್ಣವಿರಲಿಲ್ಲ. ಎಲ್ಲರ ನಡುವೆ ಅವಳೊಬ್ಬಳೇ ಸ್ವಚ್ಛ ಸೀರೆಯಲ್ಲಿ ಕಾಣುತ್ತಿದ್ದಳು.

ವಸ್ತ್ರ ಬೀಸಿದರು. ಭಾವನ ದೋಣಿ ಒಂದೇ ಏಟಿಗೆ ನಮ್ಮನ್ನು ಬಿಟ್ಟು ಹೋಯಿತು. ನೀರಿನಲ್ಲೇ ಬೆಳೆದ ಕೈಗಳು. ಹುಟ್ಟು ಬೀಳುವುದು ಕಾಣುತ್ತಿರಲಿಲ್ಲ, ಏಳುವುದಷ್ಟೇ ಕಾಣುತ್ತಿತ್ತು. ನಾವು ಸಿಡಿಸಿದ ನೀರು ನಮ್ಮ ಮೇಲೇ ಬೀಳುತ್ತಿತ್ತು. ಆದರೆ ದೋಣಿ ನೆಟ್ಟಗೆ ಹೋಗುತ್ತಿತ್ತು! ಅದೊಂದೇ ನಮಗೆ ಹಬ್ಬದಂತಿತ್ತು. ಕಾಕಾ ಅವಸರ ಮಾಡಲಿಲ್ಲ. ಕಣದಲ್ಲಿ ಎಳೆಯುತ್ತಿದ್ದ ಅದೇ ರಾಗವನ್ನು ಅದೇ ನಿಧಾನದಲ್ಲಿ ಎಳೆದ. ಒದ್ದೆವು, ಎಳೆದೆವು, ಉಸಿರು ಬಿಟ್ಟೆವು. ಒದ್ದೆವು, ಎಳೆದೆವು, ಉಸಿರು ಬಿಟ್ಟೆವು.

ಅರ್ಧ ದಾರಿಯಲ್ಲಿ ಹಿರಿಯವನು ಕೇಳಿದ, “ಲೇ, ಮಾತಾಡಾಕ ಬರತೈತೇನ್ರೋ?”

“ಬರತೈತಿ,” ಅಂದೆ ನಾನು.

“ಬರತೈತಿ,” ಅಂದ ಕುರಿಯವನು. “ಸಂಜಿಕ ಹೋಳಿಗಿ ಮಾಡ್ಯಾರಂತ.”

“ಹಾಲೋ ತುಪ್ಪೋ?” ಅಂದ ಕಿರಿಯವನು.

ಕಾಕಾನ ಮುಖ ಅರಳಿತು. ಅವನಿಗೆ ಮುಂದಿನದು ಕಾಣುತ್ತಿತ್ತು, ನಮಗೆ ಕಾಣುತ್ತಿರಲಿಲ್ಲ. “ಅವರ ಬಾಯಿ ತೆರದಾವ,” ಅಂದ ಸಣ್ಣಗೆ. “ಅವರ ದೋಣ್ಯಾಗ ಮಾತ ನಿಂತಾವ. ಈಗ ಬರ್ರಿ, ಮಕ್ಕಳ್ರ್ಯಾ!”

ರಾಗ ಬಿರುಸಾಯಿತು. ನಮ್ಮ ಕಾಲುಗಳು ಅದಕ್ಕಾಗಿಯೇ ಕಾದಿದ್ದಂತೆ ಹಲಗೆಯನ್ನು ಒದ್ದವು. ನೀರಿನ ಸದ್ದು ದೋಣಿಯ ಹೊಟ್ಟೆಯ ಕೆಳಗೆ ಬೇರೆಯಾಯಿತು. ಓರೆಗಣ್ಣಿಗೆ ಭಾವನ ದೋಣಿಯ ಬಾಲ ಬಂತು, ಆಮೇಲೆ ಅದರ ಹೊಟ್ಟೆ. ಆಗಲೇ ಕಲ್ಲಿನ ಕಂಬ ಹತ್ತಿರವಾಯಿತು. ಆ ಊರವರು ಯಾವಾಗಲೂ ಕಂಬವನ್ನು ದೂರದಿಂದ ಬಳಸಿ ಬರುತ್ತಿದ್ದರು, ನೀರಿನಲ್ಲೇ ಹುಟ್ಟಿ ಬೆಳೆದ ಮಂದಿ ಅವಸರವಿಲ್ಲದೆ ತಿರುಗುವ ಹಾಗೆ. ಕಾಕಾ ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದ:

“ಮೇಟಿ ಬಂತ್ರೋ! ಹೊರಗಿನಾಂವ ಬಾ! ಒಳಗಿನಾಂವ ತಡೀ!”

ಯೋಚನೆ ಮಾಡಲು ಏನಿತ್ತು? ಎಡಗಡೆಯ ಅಣ್ಣತಮ್ಮಂದಿರು ಹುಟ್ಟನ್ನು ನೀರಿನಲ್ಲೇ ಒತ್ತಿ ಹಿಡಿದರು. ಬಲಗಡೆಯ ಕುರಿಯವನೂ ನಾನೂ ಹೊರತುದಿಯ ಎತ್ತಿನಂತೆ ಬೀಸಿ ಎಳೆದೆವು. ಕಣದಲ್ಲಿ ದಿನವೂ ಮಾಡಿದ ಕೆಲಸ. ಅಲ್ಲಿ ಕಟ್ಟಿಗೆಯ ಕಂಬ, ಇಲ್ಲಿ ಕಲ್ಲಿನದು. ದೋಣಿ ನಿಂತಲ್ಲೇ ತಿರುಗಿತು. ಎಡಗಡೆಯ ಹುಟ್ಟು ಕಂಬಕ್ಕೆ ಉಜ್ಜಿ ಹಸಿರು ಪಾಚಿಯನ್ನು ಕಿತ್ತುಕೊಂಡು ಬಂತು. ಭಾವನ ದೋಣಿ ಇನ್ನೂ ಅಗಲವಾಗಿ ಬಳಸುತ್ತಿರುವಾಗ ನಮ್ಮ ಮೂತಿ ತೂಬಿನ ಕಡೆಗಿತ್ತು. ಈಗ ಅವರು ನಮಗೆ ಎದುರಾಗಿ, ನಮ್ಮ ಹಿಂದೆ! ಹಿಂದುಮುಂದಾಗಿ ಕೂರುವುದರ ಸುಖ ಆಗ ತಿಳಿಯಿತು: ಸೋಲುವವರು ಹಿಂದೆ ಬೀಳುವುದನ್ನು ನೋಡುತ್ತ ಗೆಲ್ಲಬಹುದು.

ಏರಿಯ ಮೇಲೆ ಒಂದು ಕ್ಷಣ ಹಲಗೆ ನಿಂತಿತು. ಆಮೇಲೆ ಬಡಿಯುವವನಿಗೆ ಯಾವ ಊರು ಎನ್ನುವುದೇ ಮರೆತು ಹೋಯಿತೇನೋ, ನಮ್ಮ ಹುಟ್ಟಿನ ಲೆಕ್ಕಕ್ಕೇ ಬಡಿಯತೊಡಗಿದ. ಭಾವ ಬಿಡುವವನಲ್ಲ, ಹಲ್ಲು ಕಚ್ಚಿ ಮತ್ತೆ ಹತ್ತಿರ ಬಂದ. ಅವನ ಬೆನ್ನಿನ ಬೆವರು ಕಾಣುವಷ್ಟು ಹತ್ತಿರ. ಹಿರಿಯವನು, “ಪಂಚಮಿ!” ಎಂದು ಕೂಗಿದ. ನಾಲ್ವರೂ, “ಪಂಚಮಿ!” ಎಂದೆವು. ಒಂದೊಂದು ಏಟಿಗೂ ಅದೇ ಮಾತು. ಎದೆ ಉರಿಯುತ್ತಿತ್ತು, ಉಸಿರು ಮಾತ್ರ ಕೈ ಕೊಡಲಿಲ್ಲ. ದೋಣಿಯ ಮೂತಿ ತೂಬಿನ ಕಲ್ಲಿಗೆ ಡಬ್ಬನೆ ಬಡಿಯಿತು. ಭಾವನ ದೋಣಿ ಇನ್ನೂ ಅರ್ಧ ದೋಣಿಯಷ್ಟು ಹಿಂದಿತ್ತು.

ಕಾಕಾ ಎರಡೂ ಕೈ ಮೇಲೆತ್ತಿ, “ಯಾರಲೇ ಅಂದಾಂವ, ನಾ ಹಡಗ ಕಂಡಿಲ್ಲಂತ!” ಎಂದು ಕೂಗಿದವನು, ದೋಣಿ ಹೊಯ್ದಾಡಿದ್ದರಿಂದ ಬೆನ್ನಡಿಯಾಗಿ ನೀರಿಗೆ ಬಿದ್ದ. ಸೊಂಟದ ಮಟ್ಟದ ನೀರು. ಎದ್ದು ನಿಂತಾಗ ತಲೆಯ ಮೇಲೆ ಪಾಚಿ ಇತ್ತು. ಅವನನ್ನು ಮೊದಲು ಕೈ ಹಿಡಿದು ಎತ್ತಿದವಳು ಅವ್ವ. ಇಳಕಲ್ ಸೀರೆಯ ಅಂಚು ನೆನೆದದ್ದು ಅವಳಿಗೆ ಗೊತ್ತೇ ಆಗಲಿಲ್ಲ. “ಬಾರೋ ಮೈದುನಾ, ಬಾ,” ಅನ್ನುತ್ತಿದ್ದಳು, ಅಷ್ಟನ್ನೇ ಮತ್ತೆ ಮತ್ತೆ.

ಭಾವ ತನ್ನ ದೋಣಿಯಿಂದಿಳಿದು, ಮೊಣಕಾಲಿಗೆ ಕೈ ಊರಿ, ಉಸಿರು ಸಿಕ್ಕಿದ ಮೇಲೆ ನನ್ನನ್ನು ಕೇಳಿದ, “ಎಲ್ಲಿ ಕಲತ್ರೋ? ಯಾವ ಕೆರಿಯಾಗ?”

“ಕಣದಾಗ, ಭಾವಾ. ಓಡಿದ್ವಿ.”

“ಓಡಿದ್ರ ದೋಣಿ ಬರತೈತೇನೋ?”

“ದೋಣಿ ಬರೂದಿಲ್ಲ,” ಅಂದ ಕಾಕಾ, ನೀರು ಹಿಂಡುತ್ತ. “ಉಸರ ಬರತೈತಿ. ಉಸರಿತ್ತಂದ್ರ ದೋಣಿ ತಾನ ಬರತೈತಿ.” ಅಂದು ಎಲ್ಲರೂ ಅವನ ಸುತ್ತ ಕೂತು ಅವನ ಹಡಗಿನ ಮಾತು ಕೇಳಿದರು. ಯಾರೂ ಎದ್ದು ಹೋಗಲಿಲ್ಲ.

ಅಕ್ಕನ ಅತ್ತೆ ಆಗಲೇ ಮುಷ್ಟಿ ತುಂಬ ಕೆಂಪು ಬಣ್ಣ ತಂದು ಸೊಸೆಯ ಎರಡೂ ಕೆನ್ನೆಗೆ ಬಳಿದಿದ್ದಳು. “ಭಾಳ ಗಟ್ಟಿ ಅದೀಯವಾ ನೀ,” ಅಂದಳು. “ಹೋಗು, ತವರಿಗೆ ಹೋಗು. ಪಂಚಮಿಗೆ ಅಷ್ಟ ಅಲ್ಲ, ಶ್ರಾವಣ ಮುಗಿಯೂತನಾ ಇದ್ದು ಬಾ.” ಅಕ್ಕ ಕೆನ್ನೆಯ ಬಣ್ಣವನ್ನು ಎರಡೂ ಕೈಗೆ ಒರೆಸಿಕೊಂಡಳು. ಏರಿಯ ಮೇಲಿಂದ ಇಳಿದು ಬಂದು ನಮ್ಮ ನಾಲ್ವರ ಬೆನ್ನಿಗೂ ಒಂದೊಂದು ಗುದ್ದು ಹಾಕಿದಳು. ಬಣ್ಣದ ಕೈ ನಮ್ಮ ಅಂಗಿಯ ಮೇಲೆ ಮೂಡಿತು. ಕಿರಿಯವನು ಆ ಅಂಗಿಯನ್ನು ಒಗೆಯಲು ಬಿಡದೆ ಬಹಳ ದಿನ ತೊಟ್ಟ.

ಶ್ರಾವಣದಲ್ಲಿ, ಪಂಚಮಿಯ ಹಿಂದಿನ ದಿನ, ಅಕ್ಕನನ್ನು ಕರೆತರಲು ನಾನೇ ಹೋದೆ. ಹೊರಡುವ ಹೊತ್ತಿಗೆ ಅವಳ ಅತ್ತೆಯೂ ಸೆರಗು ಸರಿಮಾಡಿಕೊಂಡು ಒಂದು ಗಂಟು ಹಿಡಿದು ಬಾಗಿಲಿಗೆ ಬಂದಳು. “ನಡಿಯಪಾ, ನಾನೂ ಬರ್ತೇನಿ. ನೀವು ಎಲ್ಲಿ ಓಡಿದ್ರಿ ನಾ ನೋಡಬೇಕು” ಅಂದಳು. ನಮ್ಮೂರಿಗೆ ಬಂದರೆ ಅವಳಿಗೆ ತೋರಿಸಲು ಕಣವೇ ಇರಲಿಲ್ಲ; ಅಲ್ಲಿ ಹೆಸರುಕಾಳು ಬಿತ್ತಿ ಮೊಣಕಾಲೆತ್ತರ ಹಸಿರಾಗಿತ್ತು. “ಹಿಂಗನ್ರೀ ಬೀಗತಿ,” ಎಂದು ಅವ್ವ ಕೈಯಾಡಿಸಿ ಹಸಿರಿನ ಮೇಲೆ ಸುತ್ತು ತೋರಿಸಿದಳು. ಮಾರನೆಯ ದಿನ ಮಧ್ಯಾಹ್ನ ಬೇವಿನ ಮರದ ಜೋಕಾ‍ಲಿಯಿಂದ ಅಕ್ಕ ಇಳಿದ ಮೇಲೆ ಅವಳ ಅತ್ತೆಯೇ ಹತ್ತಿ ಕೂತಳು. ಕುರಿಯವನೂ ನಾನೂ ಎರಡು ಕಡೆ ನಿಂತು ತೂಗಿದೆವು. ಆಕೆ ಹಗ್ಗ ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಇನ್ನೂ ಜೋರಾಗಿ ತೂಗಿರೆಂದು ಕೂಗುತ್ತಿದ್ದಳು.